ಸತ್ಯ ನುಡಿಯಲಾಗದ ಅರಮನೆ: ‘ಯಶೋಧರ ಚರಿತೆ’ಯ ಚಂದ್ರಮತಿಯನ್ನು ಕುರಿತು

ಕಳೆದ ದಶಲಕ್ಷಣ ಪರ್ವದಲ್ಲಿ, ಯಲಹಂಕದ ಬಳಿಯ ಪುಟ್ಟೇನಹಳ್ಳಿಯಲ್ಲಿ ಬಂಧುಗಳೊಬ್ಬರ ಮನೆಯ ಸ್ವಾಧ್ಯಾಯಕ್ಕೆ ಹೋಗಿದ್ದೆ. ಹಾಸನ, ತುಮಕೂರು, ಬೆಳಗಾವಿ, ಕಾರ್ಕಳಗಳ ಕಡೆಯಿಂದ ಬಂದು ಈ ಭಾಗದಲ್ಲಿ ನೆಲೆಸಿದ ಹತ್ತು ಹನ್ನೆರಡು ಮನೆಯವರು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ಒಂದೆಡೆ ಕುಳಿತು ಗ್ರಂಥವೊಂದನ್ನು ಓದುವುದು ಅಲ್ಲಿಯ ಪದ್ಧತಿ. ಈ ಬಾರಿ ಜನ್ನನ ‘ಯಶೋಧರ ಚರಿತೆ’ಯನ್ನು ಎತ್ತಿಕೊಂಡಿದ್ದರು. ಹಿಟ್ಟಿನ ಹುಂಜದ ಪ್ರಸಂಗ ಬಂದದ್ದು ಉತ್ತಮ ಸತ್ಯದ ದಿನ. ಓದು ಮುಗಿದೊಡನೆ ಹಿರಿಯ ಶ್ರಾವಿಕೆಯೊಬ್ಬರು, “ಹಿಟ್ಟಿನ ಕೋಳಿ ಕಡಿದದ್ದಕ್ಕೆ ಇಷ್ಟೊಂದು ಜನ್ಮದ ನೋವೇ?” ಎಂದು ಕೇಳಿದರು. ಇದು ನಮಗೆಲ್ಲ ಪರಿಚಿತವಾದ ಪ್ರಶ್ನೆ. ಪರಿಚಿತವಾದ ಉತ್ತರವನ್ನೇ ಕೊಟ್ಟೆವು. ದ್ರವ್ಯಹಿಂಸೆ, ಭಾವಹಿಂಸೆ, ಸಂಕಲ್ಪ ಎಂಬ ಮಾತುಗಳು ಬಂದವು. ಆಗ ಮೂಲೆಯಲ್ಲಿ ಕುಳಿತಿದ್ದ, ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ಮೆಲ್ಲನೆ ಕೇಳಿದಳು: “ಅವನು ತನ್ನ ಅಮ್ಮನಿಗೆ ನಿಜ ಯಾಕೆ ಹೇಳಲಿಲ್ಲ?”

ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ. ಮನೆಗೆ ಬಂದು ಕಾವ್ಯವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಈ ಪುಟ್ಟ ಬರಹ ಆ ಓದಿನ ಫಲ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿಚಕ್ರವರ್ತಿ ಜನ್ನ ಈ ಕಾವ್ಯವನ್ನು ಪೂರೈಸಿದ್ದು 1209ರಲ್ಲಿ. ಕಥೆ ಅವನದಲ್ಲ. 959ರಲ್ಲಿ ಸೋಮದೇವಸೂರಿ ‘ಯಶಸ್ತಿಲಕ’ದಲ್ಲಿ ಅದನ್ನು ವಿಸ್ತಾರವಾಗಿ ಹೇಳಿದ್ದ, ಅದೇ ಶತಮಾನದಲ್ಲಿ ಪುಷ್ಪದಂತ ಅಪಭ್ರಂಶದಲ್ಲಿ ಹಾಡಿದ್ದ, ವಾದಿರಾಜ ಸಂಸ್ಕೃತದಲ್ಲಿ ಸಂಗ್ರಹಿಸಿದ್ದ. ಜನ್ನನ ಹೆಚ್ಚುಗಾರಿಕೆ ಅಳತೆಯಲ್ಲಿದೆ. ನಾಲ್ಕು ಅವತಾರಗಳಲ್ಲಿ, ಹೆಚ್ಚಾಗಿ ಕಂದಪದ್ಯಗಳಲ್ಲಿ, ಒಂದು ಮಾತೂ ಹೆಚ್ಚಾಗದಂತೆ ಇಡೀ ಭವಾವಳಿಯನ್ನು ಅವನು ಹೇಳಿ ಮುಗಿಸುತ್ತಾನೆ.

ಕಥೆಯ ನೆನಪಿಗಾಗಿ ಇಷ್ಟು ಸಾಕು. ಉಜ್ಜಯಿನಿಯ ಅರಸು ಯಶೌಘ ತನ್ನ ತಲೆಯಲ್ಲಿ ನರೆಗೂದಲನ್ನು ಕಂಡು, ಮಗ ಯಶೋಧರನಿಗೆ ರಾಜ್ಯವನ್ನೊಪ್ಪಿಸಿ ತಪಸ್ಸಿಗೆ ತೆರಳುತ್ತಾನೆ. ತಾಯಿ ಚಂದ್ರಮತಿ ಅರಮನೆಯಲ್ಲಿ ಉಳಿಯುತ್ತಾಳೆ. ಯಶೋಧರನ ರಾಣಿ ಅಮೃತಮತಿ ಕುರೂಪಿಯಾದ ಮಾವಟಿಗ ಅಷ್ಟಾವಕ್ರನ ಹಾಡಿಗೆ ಮನಸೋತು ಅವನಲ್ಲಿಗೆ ಹೋಗುತ್ತಾಳೆ. ಒಂದು ರಾತ್ರಿ ಯಶೋಧರ ಅದನ್ನು ಕಣ್ಣಾರೆ ಕಾಣುತ್ತಾನೆ. ಕತ್ತಿಯೆತ್ತಿದ ಕೈಯನ್ನು ತಾನೇ ತಡೆದುಕೊಂಡು ಹಿಂದಿರುಗುತ್ತಾನೆ. ಬೆಳಗ್ಗೆ ತಾಯಿಯ ಬಳಿಗೆ ಹೋದಾಗ ಕಂಡದ್ದನ್ನು ಹೇಳುವುದಿಲ್ಲ. ಕೆಟ್ಟ ಕನಸೊಂದನ್ನು ಕಂಡೆನೆಂದು, ಮನದ ನೋವನ್ನು ಕನಸಿನ ಮರೆಯಲ್ಲಿ ಹೇಳುತ್ತಾನೆ. ತಾಯಿ ಆ ಕನಸನ್ನೇ ನಿಜವಾದ ಕೇಡೆಂದು ನಂಬಿ, ಮಗನ ಪ್ರಾಣಕ್ಕೆ ಅಂಜಿ, ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡಬೇಕೆನ್ನುತ್ತಾಳೆ. ಮಗ ಒಪ್ಪುವುದಿಲ್ಲ. ಕೊನೆಗೆ, ಹಿಟ್ಟಿನ ಕೋಳಿಯನ್ನಾದರೂ ಕೊಡು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಮಗ ಒಪ್ಪುತ್ತಾನೆ. ಕತ್ತಿ ತಾಗಿದಾಗ ಹಿಟ್ಟಿನ ಹುಂಜ ಕೂಗುತ್ತದೆ.

ಕನ್ನಡದ ವಿಮರ್ಶೆ ಈ ಕಾವ್ಯವನ್ನು ಕುರಿತು ಸಾಕಷ್ಟು ಬರೆದಿದೆ. ಆದರೆ ಬಹುಪಾಲು ವಿಮರ್ಶಕರ ದೃಷ್ಟಿ ಅಮೃತಮತಿಯ ಮೇಲೆಯೇ ನೆಟ್ಟಿದೆ. ಆಕೆ ಅಷ್ಟಾವಕ್ರನಿಗೆ ಒಲಿದದ್ದು ಹೇಗೆ, ಜನ್ನ ಆಕೆಯನ್ನು ಕಂಡದ್ದು ಅನುಕಂಪದಿಂದಲೋ ತಿರಸ್ಕಾರದಿಂದಲೋ ಎಂಬ ಚರ್ಚೆಗೆ ಕೊನೆಯಿಲ್ಲ. ಚಂದ್ರಮತಿಯ ಪಾಲಿಗೆ ಬಂದಿರುವುದು ‘ಮೂಢನಂಬಿಕೆಯ ಮುದುಕಿ’ ಎಂಬ ಒಂದೇ ಮಾತು. ಆದರೆ ಜನ್ಮಜನ್ಮಾಂತರಗಳಲ್ಲಿ ಯಶೋಧರನ ಜೊತೆಗೆ ನಡೆಯುವವಳು ಹೆಂಡತಿಯಲ್ಲ, ತಾಯಿ. ಕಾವ್ಯದ ಕಟ್ಟೇ ಹೀಗೆ ಹೇಳುತ್ತಿರುವಾಗ, ಈ ಕಥೆ ಗಂಡಹೆಂಡಿರ ಕಥೆಗಿಂತ ಹೆಚ್ಚಾಗಿ ತಾಯಿಮಗನ ಕಥೆಯೆಂದೇ ನನಗೆ ತೋರುತ್ತದೆ.

ಆ ಬೆಳಗಿನ ಸಂಭಾಷಣೆಯನ್ನು ನಿಧಾನವಾಗಿ ನೋಡೋಣ. ಅದರಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದರಲ್ಲಿ ಚಂದ್ರಮತಿ ಬರಿಯ ವಾತ್ಸಲ್ಯದ ಮೂರ್ತಿ; ಮಗನ ಮನಸ್ಸು ನೊಂದಿದೆಯೆಂಬುದಷ್ಟೇ ಅವಳ ಚಿಂತೆ. ಎರಡನೆಯದರಲ್ಲಿ ಮಗ ಮೊದಲ ಬಾರಿಗೆ ‘ಆಗದು’ ಎನ್ನುತ್ತಾನೆ. ಒಡನೆಯೇ ವಾತ್ಸಲ್ಯ ಒತ್ತಾಯವಾಗುತ್ತದೆ. ಈಗ ಅವಳ ಮಾತಿನ ಗುರಿ ಮಗನ ನೋವಲ್ಲ, ಮಗನ ಒಪ್ಪಿಗೆ. ಮೂರನೆಯದರಲ್ಲಿ ಚೌಕಾಸಿ. ಜೀವವಿರುವ ಪ್ರಾಣಿ ಬೇಡವಾದರೆ ಬೇಡ, ಹಿಟ್ಟಿನದಾದರೂ ಆಗಲಿ. ಇದು ತಾಯಿಯ ಸೋಲಿನಂತೆ ಕಾಣುತ್ತದೆ. ನಿಜವಾಗಿ ಅದೇ ಅವಳ ಗೆಲುವು. ಏಕೆಂದರೆ ಅವಳಿಗೆ ಬೇಕಾಗಿದ್ದದ್ದು ಪ್ರಾಣಿಯ ರಕ್ತವಲ್ಲ. ತನ್ನ ಮಾತು ಉಳಿಯುವುದು. ಮಗನೂ ಅಲ್ಲಿಯೇ ಜಾರುತ್ತಾನೆ. ದೊಡ್ಡದನ್ನು ನಿರಾಕರಿಸಿದ ಮೇಲೆ ಚಿಕ್ಕದನ್ನೂ ನಿರಾಕರಿಸುವುದು ಹೇಗೆ, ಹೆತ್ತವಳ ಮಾತನ್ನು ಎಷ್ಟೆಂದು ಮೀರುವುದು ಎಂಬ ದಾಕ್ಷಿಣ್ಯ ಅವನನ್ನು ಕಟ್ಟಿಹಾಕುತ್ತದೆ. ಕೃತ, ಕಾರಿತ, ಅನುಮೋದನೆ ಎಂದು ನಮ್ಮ ಆಚಾರ್ಯರು ಹೇಳುವ ಮೂರರಲ್ಲಿ ಮಾಡಿಸುವ ಪಾತ್ರ ತಾಯಿಗೆ, ಮಾಡುವ ಪಾತ್ರ ಮಗನಿಗೆ ಬರುತ್ತದೆ.

ಈ ಮೂರು ಮೆಟ್ಟಿಲುಗಳನ್ನು ನಾನು ಮೊದಲು ಕಂಡದ್ದು ಜನ್ನನಲ್ಲಲ್ಲ. ವಿದ್ಯಾರ್ಥಿಯಾಗಿದ್ದಾಗ ಓದಿದ ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದಲ್ಲಿ. 1597ರಲ್ಲಿ ಮೊದಲು ಅಚ್ಚಾದ ಆ ದುರಂತ ನಾಟಕವನ್ನು ಪ್ರೇಮಿಗಳ ಕಥೆಯೆಂದು ಎಲ್ಲರೂ ಬಲ್ಲರು. ಅದು ತಂದೆಯೊಬ್ಬನ ಕಥೆಯೂ ಹೌದು. ಜೂಲಿಯೆಟ್‌ಳ ತಂದೆ ಕ್ಯಾಪ್ಯುಲೆಟ್, ನಾಟಕದ ಆರಂಭದಲ್ಲಿ ಬಹಳ ಒಳ್ಳೆಯ ತಂದೆ. ಪ್ಯಾರಿಸ್ ಎಂಬ ಶ್ರೀಮಂತ ತರುಣ ಅವನ ಮಗಳನ್ನು ಕೇಳಲು ಬಂದಾಗ, ಅವಳಿಗಿನ್ನೂ ಹದಿನಾಲ್ಕು ತುಂಬಿಲ್ಲ, ಎರಡು ಬೇಸಗೆ ಕಳೆಯಲಿ, ಮೊದಲು ಅವಳ ಮನಸ್ಸನ್ನು ಗೆಲ್ಲು, ಅವಳ ಒಪ್ಪಿಗೆಯಿಲ್ಲದೆ ನನ್ನ ಒಪ್ಪಿಗೆಗೆ ಬೆಲೆಯಿಲ್ಲ ಎಂಬರ್ಥದ ಮಾತನ್ನಾಡುತ್ತಾನೆ. ಅಷ್ಟು ಉದಾರವಾದ ಮಾತನ್ನು ಇಂದಿನ ತಂದೆಯರೂ ಆಡಲು ಹಿಂಜರಿದಾರು.

ಅದೇ ತಂದೆ ಮೂರನೆಯ ಅಂಕದಲ್ಲಿ ಮಗಳನ್ನು ಕೇಳದೆಯೇ ಗುರುವಾರಕ್ಕೆ ಮದುವೆ ಗೊತ್ತುಮಾಡುತ್ತಾನೆ. ಅವಳು ಬೇಡವೆಂದಾಗ, ಮದುವೆಯಾಗು, ಇಲ್ಲವೇ ಬೀದಿಯಲ್ಲಿ ಭಿಕ್ಷೆಯೆತ್ತಿ ಸಾಯಿ ಎಂದು ಅಬ್ಬರಿಸುತ್ತಾನೆ. ತಾಯಿ ಕೂಡ ಮಗಳ ಕೈಬಿಡುತ್ತಾಳೆ. ಅದೇ ದಿನ ಮಗಳು ತಪ್ಪೊಪ್ಪಿಕೊಂಡಂತೆ ನಟಿಸಿ ಮೊಣಕಾಲೂರಿದಾಗ ತಂದೆಯ ಹರ್ಷಕ್ಕೆ ಮೇರೆಯಿಲ್ಲ. ಆ ಸಂಭ್ರಮದಲ್ಲೇ ಮದುವೆಯನ್ನು ಒಂದು ದಿನ ಹಿಂದಕ್ಕೆಳೆದು ಬುಧವಾರವೇ ನಡೆಯಲೆನ್ನುತ್ತಾನೆ. ಸಾವಿಗೆ ದಾರಿ ಹತ್ತಿರವಾದದ್ದು ಅವನ ಕೋಪದಿಂದಷ್ಟೇ ಅಲ್ಲ, ಆ ಸಂತೋಷದಿಂದಲೂ ಹೌದು.

ಮಗಳ ವಿಷಯದಲ್ಲಿ ಈ ತಂದೆ ಬದಲಾದನೇ? ವಿಮರ್ಶಕರು ಸಾಮಾನ್ಯವಾಗಿ ಹೌದೆನ್ನುತ್ತಾರೆ. ಸೋದರಳಿಯ ಟಿಬಾಲ್ಟನ ಕೊಲೆ, ಮನೆಯ ಮೇಲೆರಗಿದ ದುಃಖ ಮುಂತಾದ ಕಾರಣಗಳನ್ನೂ ಕೊಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಮೊದಲ ಅಂಕದ ಔದಾರ್ಯಕ್ಕೆ ಇನ್ನೂ ಪರೀಕ್ಷೆ ಬಂದಿರಲಿಲ್ಲ, ಅಷ್ಟೆ. ಮಗಳು ಅಲ್ಲಿಯವರೆಗೆ ಯಾವುದಕ್ಕೂ ಬೇಡವೆಂದವಳಲ್ಲ. ಮಕ್ಕಳು ಮೌನವಾಗಿರುವಷ್ಟು ಕಾಲ ಎಲ್ಲ ತಂದೆತಾಯಿಯರೂ ಉದಾರಿಗಳೇ. ಮಗು ಮೊದಲ ಬಾರಿ ‘ಇಲ್ಲ’ ಎಂದ ದಿನ, ಒಳಗಿದ್ದದ್ದು ಏನೆಂಬುದು ಹೊರಗೆ ಬರುತ್ತದೆ. ಕ್ಯಾಪ್ಯುಲೆಟ್‌ನಲ್ಲಿ ಅದು ಗರ್ಜನೆಯಾಗಿ ಬಂದಿತು. ಚಂದ್ರಮತಿಯಲ್ಲಿ ಅಂಜಿಕೆಯಾಗಿ, ಅನುನಯವಾಗಿ ಬಂದಿತು. ಎರಡರ ಆಕಾರವೂ ಒಂದೇ.

ಇನ್ನೊಂದು ಸಾಮ್ಯ ಇದಕ್ಕಿಂತ ಆಳವಾದದ್ದು. ಜೂಲಿಯೆಟ್ ಅಳುತ್ತಿದ್ದದ್ದು ಊರಿನಿಂದ ಹೊರದೂಡಲ್ಪಟ್ಟ ರೋಮಿಯೋಗಾಗಿ. ಅವನೊಡನೆ ಗುಟ್ಟಾಗಿ ಅವಳ ಮದುವೆಯಾಗಿತ್ತು. ತಂದೆತಾಯಿಯರು ತಿಳಿದದ್ದು, ಅವಳು ಸತ್ತ ಟಿಬಾಲ್ಟನಿಗಾಗಿ ಅಳುತ್ತಿದ್ದಾಳೆಂದು. ಆ ದುಃಖ ಅತಿಯಾಯಿತು, ಅದನ್ನು ಮರೆಸಬೇಕು ಎಂದೇ ಮದುವೆಗೆ ಅವಸರಪಟ್ಟರು. ಇಲ್ಲಿ ಯಶೋಧರ ನೊಂದದ್ದು ಹೆಂಡತಿಯ ನಡತೆಯಿಂದ. ತಾಯಿ ಶಾಂತಿ ಮಾಡಿಸಹೊರಟದ್ದು ದುಃಸ್ವಪ್ನಕ್ಕೆ. ಎರಡು ಮನೆಗಳಲ್ಲಿಯೂ ಇಲ್ಲದ ರೋಗಕ್ಕೆ ಮದ್ದು ಅರೆಯಲಾಯಿತು. ಆ ಮದ್ದೇ ವಿಷವಾಯಿತು. ಹೆತ್ತವರು ಮಕ್ಕಳನ್ನು ದ್ವೇಷಿಸಲಿಲ್ಲ. ಅವರ ಪ್ರೀತಿ ಸುಳ್ಳೂ ಅಲ್ಲ. ಆದರೆ ಆ ಪ್ರೀತಿಯ ಮುಂದೆ ನಿಂತು ನಿಜ ಹೇಳುವ ಧೈರ್ಯ ಮಕ್ಕಳಿಗಿರಲಿಲ್ಲ. ನಿಜ ತಿಳಿಯದ ಪ್ರೀತಿ ಕಣ್ಣುಕಟ್ಟಿಕೊಂಡು ಬಾಣ ಬಿಟ್ಟಂತೆ. ಗುರಿ ತಪ್ಪುವುದು ನಿಶ್ಚಯ, ತಗಲುವುದು ಮಾತ್ರ ಹತ್ತಿರ ನಿಂತವರಿಗೆ.

ಪುಟ್ಟೇನಹಳ್ಳಿಯ ಹುಡುಗಿಯ ಪ್ರಶ್ನೆಯ ತೂಕ ಇಲ್ಲಿದೆ. ಯಶೋಧರ ಏಕೆ ನಿಜ ಹೇಳಲಿಲ್ಲ? ನಾಚಿಕೆಯೆನ್ನಬಹುದು, ಮನೆತನದ ಮಾನವೆನ್ನಬಹುದು. ಜನ್ನ ಬಿಡಿಸಿ ಹೇಳುವುದಿಲ್ಲ. ನಾನು ಹೇಳುವುದು ಊಹೆ. ಆದರೆ ನಂತರ ನಡೆದ ಸಂಭಾಷಣೆಯನ್ನು ನೋಡಿದರೆ ಒಂದು ಮಾತು ಸ್ಪಷ್ಟ. ಬರಿಯ ಕನಸಿಗೇ ಇಷ್ಟು ಅಂಜಿ, ಇಷ್ಟು ಹಟ ಹಿಡಿದ ತಾಯಿ, ನಿಜವನ್ನು ಕೇಳಿದ್ದರೆ ಏನು ಮಾಡುತ್ತಿದ್ದಳೋ! ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವಳ ಮಗ. ತಂದೆತಾಯಿಗೆ ನಿಜವನ್ನು ತಾಳುವ ಶಕ್ತಿಯಿಲ್ಲವೆಂದು ಅರಿತ ಮಕ್ಕಳು ಕನಸುಗಳನ್ನು ಹೇಳುತ್ತಾರೆ. ಸತ್ಯವ್ರತವೆಂದರೆ ನಾವು ಸುಳ್ಳು ಹೇಳದಿರುವುದು ಎಂದಷ್ಟೇ ತಿಳಿದಿದ್ದೇವೆ. ಎದುರಿನವರು ಸುಳ್ಳು ಹೇಳಬೇಕಾದ ಪರಿಸ್ಥಿತಿಯನ್ನು ನಾವು ಉಂಟುಮಾಡದಿರುವುದೂ ಅದರಲ್ಲಿ ಸೇರಬೇಡವೇ?

ಇಷ್ಟಕ್ಕೆ ಯಾರಾದರೂ, ‘ಹಾಗಾದರೆ ಮಕ್ಕಳನ್ನು ತಿದ್ದುವುದೇ ತಪ್ಪೇ?’ ಎಂದು ಕೇಳಬಹುದು. ಹಾಗಲ್ಲ. ಅದಕ್ಕೆ ಉತ್ತರವನ್ನು ನಮ್ಮ ಇನ್ನೊಬ್ಬ ಮಹಾಕವಿ ರನ್ನ ‘ಗದಾಯುದ್ಧ’ದಲ್ಲಿ ಕೊಟ್ಟಿದ್ದಾನೆ. ಕುರುಕ್ಷೇತ್ರದಲ್ಲಿ ಎಲ್ಲವೂ ಮುಗಿದ ಮೇಲೆ ಧೃತರಾಷ್ಟ್ರ ಗಾಂಧಾರಿಯರು ದುರ್ಯೋಧನನ ಬಳಿಗೆ ಬಂದು, ಇನ್ನಾದರೂ ಸಂಧಿ ಮಾಡಿಕೋ ಎಂದು ಬೇಡಿಕೊಳ್ಳುತ್ತಾರೆ. ಮಗ ಕೇಳುವುದಿಲ್ಲ. ಹೇಳಬೇಕಾದ ಕಾಲದಲ್ಲಿ ಹೇಳದೆ, ಮಗನ ಇಷ್ಟವೇ ತನ್ನ ಇಷ್ಟವೆಂದು ತಲೆಯಾಡಿಸಿದ ತಂದೆ, ಹೇಳಿ ಫಲವಿಲ್ಲದ ಕಾಲದಲ್ಲಿ ಗೋಗರೆಯುತ್ತಾನೆ. ಚಂದ್ರಮತಿ ಬಿಗಿಹಿಡಿದು ಕೆಟ್ಟಳು. ಧೃತರಾಷ್ಟ್ರ ಸಡಿಲಬಿಟ್ಟು ಕೆಟ್ಟ. ಮೇಲ್ನೋಟಕ್ಕೆ ಇವು ವಿರುದ್ಧ ದೋಷಗಳು. ಮೂಲದಲ್ಲಿ ಎರಡೂ ಒಂದೇ ಮೋಹದ ಎರಡು ಮುಖಗಳು. ಇಬ್ಬರಿಗೂ ಮಗನೆಂದರೆ ತಮ್ಮದೇ ಮುಂದುವರಿಕೆ. ಅವನದೇ ಆದ ಆತ್ಮ, ಅವನದೇ ಆದ ಕರ್ಮ ಅವನಿಗುಂಟೆಂಬ ಅರಿವು ಇಬ್ಬರಿಗೂ ಇಲ್ಲ.

ಇಲ್ಲಿ ನಮ್ಮ ಸಮಾಜದ ಓದುಗರಲ್ಲಿ ಒಂದು ವಿನಂತಿ. ಚಂದ್ರಮತಿ ಬಲಿಗೆ ಒತ್ತಾಯಿಸಿದವಳು, ಮಿಥ್ಯಾದೃಷ್ಟಿ, ನಮಗೂ ಅವಳಿಗೂ ಸಂಬಂಧವಿಲ್ಲ ಎಂದು ನಾವು ನಿಶ್ಚಿಂತರಾಗಬಾರದು. ನಮ್ಮಲ್ಲಿ ಕೆಲವು ಮನೆಗಳಲ್ಲಿ ಸಂಕ್ರಾಂತಿಯ ಸಕ್ಕರೆ ಅಚ್ಚು ಪ್ರಾಣಿಯ ಆಕಾರದ್ದಾದರೆ ಮಕ್ಕಳಿಗೆ ಕೊಡುವುದಿಲ್ಲ. ಅದರ ಕತ್ತು ಮುರಿದು ತಿನ್ನುವುದೂ ಸಂಕಲ್ಪಹಿಂಸೆಯೆಂದು ಅಜ್ಜಿಯಂದಿರು ಇದೇ ಯಶೋಧರನ ಕಥೆಯನ್ನು ಹೇಳಿ ತಡೆಯುತ್ತಿದ್ದರು. ಅಷ್ಟು ಸೂಕ್ಷ್ಮವಾದ ಅಹಿಂಸೆ ನಮ್ಮದು. ಸಕ್ಕರೆಯ ಗಿಳಿಯ ಕತ್ತಿಗಾಗಿ ಮರುಗುವ ನಾವು, ಎದುರಿಗೆ ನಿಂತ ಮಗುವಿನ ಮನಸ್ಸಿನ ಕತ್ತು ಮುರಿಯುವಾಗ ಅದನ್ನು ಹಿಂಸೆಯೆಂದು ಎಣಿಸುವುದಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಿವರಿಸುವಾಗ ಹೊನ್ನು ಮಣ್ಣುಗಳ ಲೆಕ್ಕವನ್ನು ಹೇಳಲಿಲ್ಲ. ‘ನನ್ನದು’ ಎಂಬ ಮೂರ್ಛೆಯೇ ಪರಿಗ್ರಹವೆಂದರು. ಹಾಗಾದರೆ, ‘ನನ್ನ ಮಗ’, ‘ನನ್ನ ಮಗಳು’ ಎಂಬ ಮೂರ್ಛೆಗಿಂತ ದೊಡ್ಡ ಪರಿಗ್ರಹ ಗೃಹಸ್ಥನಿಗೆ ಯಾವುದು?

ಜನ್ನ ಈ ತತ್ತ್ವವನ್ನು ಉಪದೇಶವಾಗಿ ಹೇಳದೆ, ಭವಾವಳಿಯ ಮೂಲಕ ಕಾಣಿಸುತ್ತಾನೆ. ಅಮೃತಮತಿ ಇಕ್ಕಿದ ವಿಷದ ಊಟದಿಂದ ತಾಯಿಮಕ್ಕಳಿಬ್ಬರೂ ಸತ್ತ ಮೇಲೆ, ಮಗ ನವಿಲಾಗಿಯೂ ತಾಯಿ ನಾಯಿಯಾಗಿಯೂ ಹುಟ್ಟುತ್ತಾರೆ. ಆ ನಾಯಿಯೇ ಆ ನವಿಲನ್ನು ಕಚ್ಚಿ ಕೊಲ್ಲುತ್ತದೆ. ಹೀಗೆ ಒಂದಾದ ಮೇಲೊಂದು ತಿರ್ಯಗ್ಗತಿಯ ಜನ್ಮಗಳು. ಪ್ರತಿಯೊಂದರಲ್ಲಿಯೂ ಇಬ್ಬರೂ ಬಳಿಬಳಿಯಲ್ಲೇ ಹುಟ್ಟುತ್ತಾರೆ, ಸಾಯುತ್ತಾರೆ. ರಾಜನಾದ ಯಶೋಮತಿ, ತಂದೆಯ ಸದ್ಗತಿಗೆಂದು ಮಾಡಿಸಿದ ಶ್ರಾದ್ಧಕ್ಕೆ ತಂದೆಯ ಜೀವವನ್ನೇ ಅಡುಗೆಮನೆಗೆ ಕಳುಹಿಸುತ್ತಾನೆ. ಅವನದೂ ಕುರುಡು ಭಕ್ತಿಯೇ. ಹಿಟ್ಟಿನ ಕೋಳಿಗೆ ಇಷ್ಟು ಶಿಕ್ಷೆಯೇ ಎಂಬ ಹಿರಿಯ ಶ್ರಾವಿಕೆಯ ಪ್ರಶ್ನೆಗೆ ಈಗ ಇನ್ನೊಂದು ಉತ್ತರ ಹೊಳೆಯುತ್ತದೆ. ಇದನ್ನು ಶಿಕ್ಷೆಯೆನ್ನುವುದಕ್ಕಿಂತ ಬಿಡಲಾರದ ಹಿಡಿತದ ಕಥೆಯೆನ್ನಬೇಕು. ಕಾಪಾಡುತ್ತೇನೆಂದು ಹಿಡಿದ ಕೈ ಹಿಡಿದೇ ಇತ್ತು. ಮುಂದೆ ಅದು ಹಲ್ಲಾಯಿತು, ಉಗುರಾಯಿತು.

ಯಶೋಧರನ ಕಥೆಯ ಮೊದಲಲ್ಲೇ ಜನ್ನ ಒಬ್ಬ ತಂದೆಯನ್ನು ನಿಲ್ಲಿಸಿದ್ದಾನೆಂಬುದನ್ನು ಮರೆಯಬಾರದು. ಒಂದು ನರೆಗೂದಲನ್ನು ಕಂಡು ಯಶೌಘ ಎಲ್ಲವನ್ನೂ ಮಗನಿಗೆ ಬಿಟ್ಟು ನಡೆದ. ರಾಜ್ಯವನ್ನು ಮಾತ್ರವಲ್ಲ, ಮಗನನ್ನೂ ಬಿಟ್ಟ. ಅವನು ಕಥೆಯಲ್ಲಿ ಮತ್ತೆ ಮಗನ ದಾರಿಗೆ ಅಡ್ಡ ಬರುವುದಿಲ್ಲ. ಬಿಡುವ ತಂದೆ, ಹಿಡಿಯುವ ತಾಯಿ ಎಂಬ ಈ ಜೋಡಣೆಯಲ್ಲಿ ಹೆಣ್ಣಿಗೆ ಅನ್ಯಾಯವಿದೆಯೆಂದು ಇಂದಿನ ಓದುಗರಿಗೆ ತೋರಿದರೆ ಆಶ್ಚರ್ಯವಿಲ್ಲ. ನನಗೂ ತೋರಿದೆ. ಗಂಡ ತಪೋವನಕ್ಕೆ ಹೋದ ಮೇಲೆ ಆ ಹೆಣ್ಣಿಗೆ ಉಳಿದದ್ದು ಮಗನೊಬ್ಬನೇ. ಅವನನ್ನು ಕಳೆದುಕೊಳ್ಳುವ ಭಯ ಅವಳಿಗಿದ್ದುದು ಸಹಜ. ಜನ್ನ ಈ ಭಯದ ಒಳಗನ್ನು ತೆರೆದು ತೋರಿಸಿದ್ದರೆ ಕಾವ್ಯ ಇನ್ನೂ ಹಿರಿದಾಗುತ್ತಿತ್ತು. ಅಮೃತಮತಿಗೆ ಕೊಟ್ಟ ಗಮನದಲ್ಲಿ ಕಾಲುಭಾಗವನ್ನು ಚಂದ್ರಮತಿಗೆ ಅವನು ಕೊಟ್ಟಿಲ್ಲವೆಂಬುದು ಈ ಕಾವ್ಯದ ಬಗೆಗೆ ನನ್ನ ಆಕ್ಷೇಪ.

ಆ ಕೊರತೆಯನ್ನು ಸುಮಾರು ಏಳೂಮುಕ್ಕಾಲು ಶತಮಾನಗಳ ನಂತರ ಗಿರೀಶ ಕಾರ್ನಾಡರು ತುಂಬಲು ಯತ್ನಿಸಿದರು. ಇದೇ ಕಥೆಯನ್ನಾಧರಿಸಿ 1980ರಲ್ಲಿ ಬಂದ ಅವರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ರಾಜಮಾತೆಗೆ ಬಾಯಿ ಬಂದಿದೆ. ಅಲ್ಲಿ ಅರಸ ಹೆಂಡತಿಯ ಧರ್ಮಕ್ಕೂ ತಾಯಿಯ ನಂಬಿಕೆಗೂ ನಡುವೆ ಸಿಕ್ಕಿ ನರಳುವ ದುರ್ಬಲ. ನಾಟಕವಾಗಿ ಅದರ ಶಕ್ತಿ ದೊಡ್ಡದು. ಆದರೆ ಭವಾವಳಿಯನ್ನು ಕೈಬಿಟ್ಟದ್ದರಿಂದ ಅಲ್ಲಿ ದುರಂತ ಅರಮನೆಯ ಆವರಣದಲ್ಲೇ ಮುಗಿಯುತ್ತದೆ. ತಾಯಿಗಾಗಲಿ ಮಗನಿಗಾಗಲಿ ತಿದ್ದಿಕೊಳ್ಳಲು ಮತ್ತೊಂದು ಅವಕಾಶವಿಲ್ಲ. ಷೇಕ್ಸ್‌ಪಿಯರನಲ್ಲಿಯೂ ಹಾಗೆಯೇ. ಕ್ಯಾಪ್ಯುಲೆಟ್ ಕೊನೆಯಲ್ಲಿ ಶತ್ರುವಿನ ಕೈಹಿಡಿದು ರಾಜಿಯಾಗುತ್ತಾನೆ, ಆದರೆ ಅದನ್ನು ನೋಡಲು ಮಗಳಿಲ್ಲ.

ಜನ್ನನಲ್ಲಿ ಅವಕಾಶವಿದೆ. ಕೊನೆಯ ತಿರ್ಯಗ್ಜನ್ಮದಲ್ಲಿ ಇಬ್ಬರೂ ಕೋಳಿಗಳಾಗಿದ್ದಾಗ, ಮುನಿಯ ಧರ್ಮವಚನ ಕಿವಿಗೆ ಬಿದ್ದ ಪುಣ್ಯದಿಂದ, ಯಶೋಮತಿಯ ಬಾಣಕ್ಕೆ ಸತ್ತು, ಅವನದೇ ಮಕ್ಕಳಾಗಿ, ಅವಳಿಜವಳಿಗಳಾಗಿ ಹುಟ್ಟುತ್ತಾರೆ. ಒಮ್ಮೆ ತಂದೆಯಾಗಿದ್ದವನು ಈಗ ತನ್ನ ಮಗನಿಗೆ ಮಗ. ಅಜ್ಜಿಯಾಗಿದ್ದವಳು ಮೊಮ್ಮಗನಿಗೆ ಮಗಳು. ತಾಯಿಮಗನಾಗಿದ್ದವರು ಅಣ್ಣತಂಗಿ. ಹಿರಿದು ಕಿರಿದೆಂಬ, ಆಳುವವರು ಆಳಿಸಿಕೊಳ್ಳುವವರೆಂಬ ಸಂಬಂಧಗಳೆಲ್ಲ ಬರಿಯ ಪರ್ಯಾಯಗಳು, ಜೀವದ್ರವ್ಯ ಮಾತ್ರ ಸಮಾನವೆಂಬ ಜಿನತತ್ತ್ವವನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಸಾಧ್ಯವೇ?

ಅವರ ಹೆಸರುಗಳನ್ನು ಗಮನಿಸಬೇಕು: ಅಭಯರುಚಿ, ಅಭಯಮತಿ. ಚಂದ್ರಮತಿಯ ಎಲ್ಲ ಒತ್ತಾಯದ ಬೇರು ಭಯ. ಆ ಜೀವಕ್ಕೆ ಕೊನೆಗೆ ದೊರೆತ ಹೆಸರಿನಲ್ಲೇ ಭಯವಿಲ್ಲ. ಮಾರಿದತ್ತನ ಬಲಿಪೀಠಕ್ಕೆ ಆ ಎಳೆಯರನ್ನು ಎಳೆದು ತಂದಾಗ, ಎತ್ತಿದ ಕತ್ತಿಯ ಮುಂದೆ ಅಭಯರುಚಿ ನಿಂತು ತನ್ನ ಹಿಂದಿನ ಜನ್ಮಗಳ ಕಥೆಯನ್ನು ಹೇಳುತ್ತಾನೆ. ಹೆಂಡತಿಯ ನಡತೆ, ತನ್ನ ಸುಳ್ಳು ಕನಸು, ಹಿಟ್ಟಿನ ಹುಂಜ, ಯಾವುದನ್ನೂ ಮುಚ್ಚಿಡುವುದಿಲ್ಲ. ಪ್ರೀತಿಸುವ ತಾಯಿಯ ಮುಂದೆ ಒಂದು ಬೆಳಗ್ಗೆ ಹೇಳಲಾಗದೆ ಹೋದ ನಿಜವನ್ನು ಆ ಜೀವ, ಕೊಲ್ಲಬಂದ ಅರಸನ ಮುಂದೆ ನಿರ್ಭಯವಾಗಿ ಹೇಳುತ್ತದೆ. ಆಗ ತಾಯಿಯಾಗಿದ್ದ ಜೀವ ಈಗ ತಂಗಿಯಾಗಿ ಪಕ್ಕದಲ್ಲಿ ನಿಂತು ಕೇಳುತ್ತದೆ. ತಡೆಯುವುದಿಲ್ಲ, ಶಾಂತಿ ಮಾಡಿಸಹೋಗುವುದಿಲ್ಲ. ಆ ನಿಜವನ್ನು ಕೇಳಿಯೇ ಮಾರಿದತ್ತ ಹಿಂಸೆಯನ್ನು ಬಿಡುತ್ತಾನೆ. ಹುಡುಗಿಯ ಪ್ರಶ್ನೆಗೆ ಜನ್ನ ಕೊಟ್ಟ ಉತ್ತರ ಇದೆಂದು ನನ್ನ ನಂಬಿಕೆ: ಅಂದು ಹೇಳಲಿಲ್ಲ, ಹೇಳಲು ಅವನಿಗೆ ಅಷ್ಟು ಜನ್ಮಗಳು ಬೇಕಾದವು.

ನಮಗೆ ಅಷ್ಟು ಕಾಲವಿಲ್ಲ. ನನ್ನ ಮನೆಯದೇ ಒಂದು ಸಂಗತಿಯನ್ನು ಹೇಳುತ್ತೇನೆ. ನನ್ನ ಮಗ ಪಿ.ಯು.ಸಿ. ಓದುತ್ತಿದ್ದಾಗ ಸಂಜೆಯಾದರೆ ತಲೆನೋವೆನ್ನುತ್ತಿದ್ದ. ಕನ್ನಡಕ ಬದಲಾಯಿಸಿದೆ, ವೈದ್ಯರಿಗೆ ತೋರಿಸಿದೆ, ಅವನ ತಾಯಿ ನೋಂಪಿ ಹಿಡಿದಳು, ಎಲ್ಲರೂ ಕೂಡಿ ಯಾತ್ರೆಗೂ ಹೋಗಿಬಂದೆವು. ತಲೆನೋವು ಹೋಗಲಿಲ್ಲ. ಎರಡು ವರ್ಷಗಳ ಮೇಲೆ ತಿಳಿಯಿತು: ಅವನಿಗೆ ತಲೆನೋವಿರಲಿಲ್ಲ, ಗಣಿತ ಬೇಡವಾಗಿತ್ತು. ಅದನ್ನು ಹೇಳಿದರೆ ಅಪ್ಪನ ಮುಖ ಹೇಗಾಗುವುದೋ ಎಂಬ ಭಯದಿಂದ ಅವನು ತಲೆನೋವನ್ನು ಹೇಳಿದ್ದ. ನಾನು ಅವನನ್ನು ಒಂದು ದಿನವೂ ಹೊಡೆದವನಲ್ಲ, ಗದರಿದವನೂ ಅಲ್ಲ. ‘ನಿನ್ನ ಇಷ್ಟದಂತೆ ಓದು, ಆದರೂ ಎಂಜಿನಿಯರಿಂಗ್ ಒಳ್ಳೆಯದು’ ಎನ್ನುತ್ತಿದ್ದೆ. ಆ ‘ಆದರೂ’ ಎಂಬುದೇ ನನ್ನ ಹಿಟ್ಟಿನ ಹುಂಜ.

ಇಂಥ ಹಿಟ್ಟಿನ ಹುಂಜಗಳು ನಮ್ಮ ಮನೆಮನೆಯಲ್ಲಿವೆ. ‘ಹುಡುಗನ ಕಡೆಯವರು ಬರಿದೆ ನೋಡಿ ಹೋಗುತ್ತಾರೆ, ಬೇಡವಾದರೆ ಬೇಡವೆಂದರಾಯಿತು’ ಎನ್ನುತ್ತೇವೆ. ಮಗಳು ಅಲಂಕರಿಸಿಕೊಂಡು ಕೂರುತ್ತಾಳೆ. ಆಮೇಲೆ ಬೇಡವೆನ್ನುವ ಬಾಯಿಯನ್ನು ಬಂಧುಗಳೆಲ್ಲ ಸೇರಿ ಮುಚ್ಚುತ್ತೇವೆ. ಹಾಸ್ಟೆಲಿನಲ್ಲಿರುವ ಮಗನನ್ನು, ‘ರಾತ್ರಿ ಊಟ ಬಿಟ್ಟಿದ್ದೀಯಷ್ಟೆ?’ ಎಂದು ಕೇಳುತ್ತೇವೆ. ಪ್ರಶ್ನೆಯಲ್ಲೇ ಉತ್ತರವನ್ನಿಟ್ಟು ಕೇಳಿದ ಮೇಲೆ ಅವನು ‘ಹೌದಮ್ಮ’ ಎನ್ನದೆ ಇನ್ನೇನೆಂದಾನು? ಆ ಸುಳ್ಳಿನ ಪಾಪದಲ್ಲಿ ಕಾರಿತದ ಪಾಲು ಯಾರದು? ವ್ರತನಿಯಮಗಳನ್ನು ಮಕ್ಕಳಿಗೆ ಕಲಿಸಬೇಕು, ನಿಜ. ಆದರೆ, ‘ಅಪ್ಪಾ, ನನ್ನಿಂದ ಆಗಲಿಲ್ಲ’ ಎಂದು ಬಂದು ಹೇಳಬಹುದಾದ ಮನೆಯಲ್ಲಿ ಮಾತ್ರ ವ್ರತ ಬೇರು ಬಿಡುತ್ತದೆ. ಉಳಿದೆಡೆ ಬೇರೂರುವುದು ನಟನೆ.

ಬಸದಿಗಳ ಟ್ರಸ್ಟಿನ ಹಿರಿಯರಲ್ಲಿಯೂ ಒಂದು ಕೋರಿಕೆಯಿದೆ. ಪರ್ವದ ದಿನಗಳಲ್ಲಿ ನಾವು ಮಕ್ಕಳಿಗೆ ಕಥೆ ಹೇಳಿಸುತ್ತೇವೆ, ಸ್ಪರ್ಧೆ ನಡೆಸಿ ಬಹುಮಾನ ಕೊಡುತ್ತೇವೆ. ಒಂದು ಸಂಜೆಯನ್ನಾದರೂ, ತಂದೆತಾಯಿ ಮಕ್ಕಳು ಒಟ್ಟಿಗೆ ಕುಳಿತು ಈ ಕಾವ್ಯದ ಆ ಒಂದು ಬೆಳಗಿನ ಪ್ರಸಂಗವನ್ನು ಓದುವುದಕ್ಕೆ ಇಡಬಾರದೇಕೆ? ಓದಿದ ಮೇಲೆ ದೊಡ್ಡವರು ವ್ಯಾಖ್ಯಾನ ಮಾಡದೆ ಸುಮ್ಮನಿರಬೇಕು, ಮಕ್ಕಳು ಕೇಳಬೇಕು. ಕೇಳುವ ಪ್ರಶ್ನೆ ಅಹಿತವಾಗಿದ್ದರೂ ಮುಖ ಬದಲಾಗಬಾರದು. ಅದೂ ಒಂದು ತಪಸ್ಸೇ.

ಅಂದು ಸ್ವಾಧ್ಯಾಯ ಮುಗಿದು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ, ಆ ಹುಡುಗಿಯ ತಾಯಿ ನನ್ನ ಬಳಿಗೆ ಬಂದು, “ಸಭೆಯಲ್ಲಿ ಹಾಗೆ ಕೇಳಬಾರದಿತ್ತು, ತಪ್ಪು ತಿಳಿಯಬೇಡಿ” ಎಂದರು. ಹುಡುಗಿ ಸ್ವಲ್ಪ ದೂರದಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ಅವಳು ಕೇಳಿದ್ದು ಕಾವ್ಯದ ಪ್ರಶ್ನೆಯೋ, ಅವಳದೇ ಪ್ರಶ್ನೆಯೋ ನಾನರಿಯೆ. “ತಪ್ಪೇನಿಲ್ಲಮ್ಮ, ಮನೆಗೆ ಹೋದ ಮೇಲೆ ಅದೇ ಪ್ರಶ್ನೆಯನ್ನು ನೀವು ಅವಳನ್ನು ಕೇಳಿ” ಎಂದಷ್ಟೇ ಹೇಳಿ ಬಂದೆ. ಆ ತಾಯಿ ಮಗಳತ್ತ ತಿರುಗಿ ನೋಡಿದರು.